ಯುದ್ಧದ ಮಾತಿನಲ್ಲಿ 'ನಾವು' ಅಂದರೆ ಯಾರು?

ಘಟಪ್ರಭಾ ದಂಡೆ (ಗೋಕಾಕ)

ಎಲ್ಲರಿಗೂ ನಮಸ್ಕಾರ. ತುಂಬ ದಿನದಿಂದ ತಲೆ ಕೊರೆಯುತ್ತಿರುವ ವಿಷಯ ಇದು. ಇಲ್ಲಿ ಹಾಕಿದರೆ ನಾಲ್ಕು ಜನ ಬೈದಾದರೂ ಬುದ್ಧಿ ಹೇಳುತ್ತಾರೆ ಅಂತ ಬರೆಯುತ್ತಿದ್ದೇನೆ.

ಟಿವಿಯಲ್ಲಿ ಯುದ್ಧದ ಬಗ್ಗೆ ಮಾತಾಡುವವರನ್ನು ನೋಡಿ. ನಿವೃತ್ತ ಜನರಲ್, ನಿವೃತ್ತ ರಾಯಭಾರಿ, ದೆಹಲಿಯ ಯಾವುದೋ ಸಂಸ್ಥೆಯ ತಜ್ಞ, ಪಕ್ಷದ ವಕ್ತಾರ. ಎಲ್ಲರೂ 'ನಾವು' ಅಂತಲೇ ಶುರು ಮಾಡುತ್ತಾರೆ. ನಾವು ಹೊಡೆಯಬೇಕು, ನಾವು ಎಂಥ ಬೆಲೆಗೂ ಸಿದ್ಧ. ಹೊಡೆಯಲು ಹೋಗುವವನು ಬೈಲಹೊಂಗಲದ ಹುಡುಗ. ಬೆಲೆ ಕೊಡುವವನು ಗೊಬ್ಬರದ ಅಂಗಡಿ ಮುಂದೆ ನಿಂತವನು. ಆ 'ನಾವು' ಒಳಗೆ ಮಾತಾಡುವವರ ಮನೆಯ ಯಾರೂ ಇರುವುದಿಲ್ಲ ಅನ್ನುವುದೇ ನನ್ನ ತಕರಾರು.

2025ರ ಮೇ ತಿಂಗಳಿನ ಆಪರೇಷನ್ ಸಿಂಧೂರ ನೆನಪಿದೆಯಲ್ವಾ? 7ರ ಬೆಳಗ್ಗೆ ಸರ್ಕಾರದ ಹೇಳಿಕೆ ಬಂತು: ನಮ್ಮ ದಾಳಿ ಅಳತೆಯಲ್ಲಿದೆ, ಜಗಳ ಬೆಳೆಸುವ ಉದ್ದೇಶವಿಲ್ಲ, ಪಾಕಿಸ್ತಾನದ ಸೇನಾ ನೆಲೆಗಳನ್ನು ಮುಟ್ಟಿಲ್ಲ. 8ರ ರಾತ್ರಿ ಚಾನೆಲ್‌ಗಳಲ್ಲಿ ಕರಾಚಿ ಬಂದರೇ ಉಡೀಸ್. ಅದು ಸುಳ್ಳು ಅಂತ ಬೆಳಗಾಗುವಷ್ಟರಲ್ಲಿ ಗೊತ್ತಾಯಿತು. 10ರ ಸಂಜೆ ಗುಂಡು ನಿಂತಿತು ಅನ್ನುವ ಸುದ್ದಿ ಮೊದಲು ಬಂದದ್ದು ಟ್ರಂಪ್ ಪೋಸ್ಟ್‌ನಿಂದ. ಇಷ್ಟು ದಿನ ಕಾವು ಏರಿಸಿದವರನ್ನು ಯಾರೂ ಕೇಳಲಿಲ್ಲ. ಜನ ಬೈದದ್ದು ಯಾರನ್ನು? ಕದನ ನಿಂತ ವಿಷಯ ಓದಿ ಹೇಳಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರನ್ನು. ಅವರು ಎಕ್ಸ್ ಖಾತೆಗೇ ಬೀಗ ಹಾಕಬೇಕಾಯಿತು.

ಅವರ ಪಕ್ಕ ಕೂತು ವಿವರ ಕೊಟ್ಟ ಕರ್ನಲ್ ಸೋಫಿಯಾ ಖುರೇಷಿ ನಮ್ಮ ತಾಲೂಕಿನ ಕೊಣ್ಣೂರಿನ ಸೊಸೆ. ಅವರ ಮಾವನ ಮನೆ ಮೇಲೆ ದಾಳಿ ಆಗಿದೆ ಅಂತ ಯಾರೋ ದೂರದಲ್ಲಿ ಕೂತು ಸುಳ್ಳು ಹಬ್ಬಿಸಿದರು. ಬೆಳಗಾವಿ ಎಸ್‌ಪಿ ಅವರೇ ಬಂದು ಅದು ಸುಳ್ಳು ಅನ್ನಬೇಕಾಯಿತು. ದೆಹಲಿಯಲ್ಲಿ ಒಂದು ಚಿತ್ರ ಕಟ್ಟಿದರೆ ಅದರ ಬಿಸಿ ಕೊಣ್ಣೂರಿಗೆ ಹೀಗೆ ಬಂದು ತಟ್ಟುತ್ತದೆ.

ನಿಮಗೇನನ್ನಿಸುತ್ತದೆ?

ಕ್ಯಾಂಪ್ ಕಾಕಾ (ಬೆಳಗಾವಿ)

ತಂಗಿ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಆದರೆ ಎರಡು ಬೇರೆ ಬೇರೆ ಮಾತುಗಳನ್ನು ಒಂದೇ ಚೀಲಕ್ಕೆ ಹಾಕಿದ್ದೀರಿ.

ಸರ್ಕಾರದ ಆ ಹೇಳಿಕೆ ನಿಮಗೆ ಒಣಗಿದ ಮಾತು ಅನ್ನಿಸಬಹುದು. ಅದು ನಿಮಗೆ ಬರೆದದ್ದಲ್ಲ. ರಾವಲ್ಪಿಂಡಿಗೆ, ಅಂದರೆ ಪಾಕಿಸ್ತಾನದ ಸೇನೆಯ ಮುಖ್ಯ ಕಚೇರಿಗೆ ಬರೆದದ್ದು. 'ನಿಮ್ಮ ಸೇನೆಯನ್ನು ಮುಟ್ಟಿಲ್ಲ, ಬೇಕಿದ್ದರೆ ಇಲ್ಲಿಗೇ ನಿಲ್ಲಿಸಿ' ಅಂತ ಎದುರಿನವನಿಗೆ ಬಾಗಿಲು ಬಿಟ್ಟುಕೊಡುವ ಮಾತು. ಬಂಕರ್‌ನಲ್ಲಿ ಇರುವವನಿಗೆ ಆ ತಣ್ಣನೆಯ ಮಾತೇ ಬೇಕು. ಅವನಿಗೆ ಬೇಡದ್ದು ಸ್ಟುಡಿಯೊದ ಬಿಸಿ ಮಾತು. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಬಳಸಬೇಡಿ ಅಂತ ಸರ್ಕಾರವೇ ಚಾನೆಲ್‌ಗಳಿಗೆ ಬುದ್ಧಿ ಹೇಳಬೇಕಾಯಿತು. ಜಾಹೀರಾತಿಗೆ ಮುಂಚೆ ಒಂದು ಸೈರನ್, ಆಮೇಲೆ ಒಂದು ಸೈರನ್. ನಿಜವಾದ ಸೈರನ್ ಕೂಗಿದಾಗ ಜನ ಏನು ಮಾಡಬೇಕು?

ಘಟಪ್ರಭಾ ದಂಡೆ

ಕಾಕಾ, ಒಪ್ಪಿದೆ. ಆದರೂ ತಣ್ಣನೆಯ ಮಾತು ಅಷ್ಟು ಸಾಧು ಅಲ್ಲ ಅನ್ನಿಸುತ್ತದೆ. 1987ರಲ್ಲಿ ಶ್ರೀಲಂಕಾಕ್ಕೆ ಕಳಿಸಿದಾಗ 'ಶಾಂತಿ ಸೇನೆ' ಅಂದರು. ಅಲ್ಲಿ ನಡೆದದ್ದು ಶಾಂತಿಯೇ?

ಕ್ಯಾಂಪ್ ಕಾಕಾ

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ನಾನು ಹೋಗಿದ್ದೆ.

ಜುಲೈನಲ್ಲಿ ಭಾರತ-ಶ್ರೀಲಂಕಾ ಒಪ್ಪಂದ ಆಯಿತು. ಅಲ್ಲಿನ ತಮಿಳು ಬಂಡುಕೋರರಾದ ಎಲ್‌ಟಿಟಿಇಯವರು ಆಯುಧ ಒಪ್ಪಿಸುತ್ತಾರೆ, ನೀವು ನಡುವೆ ನಿಂತು ನೋಡಿಕೊಳ್ಳಿ ಅಂದಿದ್ದರು. ಅಕ್ಟೋಬರ್ ಹೊತ್ತಿಗೆ ಜಾಫ್ನಾದಲ್ಲಿ ಬೀದಿ ಬೀದಿಗೆ ಗುಂಡು. ಜಾಫ್ನಾ ವಿಶ್ವವಿದ್ಯಾಲಯದ ಮೈದಾನದಲ್ಲಿ ರಾತ್ರಿ ಹೆಲಿಕಾಪ್ಟರ್‌ನಿಂದ ಇಳಿದ ಸಿಖ್ ಲೈಟ್ ಇನ್ಫೆಂಟ್ರಿಯ ತುಕಡಿಯಲ್ಲಿ ಬದುಕಿ ಬಂದದ್ದು ಒಬ್ಬನೇ. 1990ರ ಮಾರ್ಚ್‌ನಲ್ಲಿ ಕೊನೆಯ ತುಕಡಿ ವಾಪಸ್ ಬರುವಷ್ಟರಲ್ಲಿ ಸುಮಾರು 1,200 ಜವಾನರು ಹೋಗಿದ್ದರು.

ಮನೆಗೆ ಬರೆದ ಇನ್‌ಲ್ಯಾಂಡ್ ಪತ್ರದಲ್ಲಿ ಊರ ಹೆಸರು ಹಾಕುವಂತಿರಲಿಲ್ಲ. ಎಪಿಒ (ಸೇನಾ ಅಂಚೆ ಕಚೇರಿ) ನಂಬರ್ ಅಷ್ಟೇ. ನಮ್ಮ ಅವ್ವನಿಗೆ ನೆರೆಯವರು ಹೇಳುತ್ತಿದ್ದರಂತೆ, 'ನಿನ್ನ ಮಗ ಶಾಂತಿ ಸೇನೆಯಲ್ಲಿದ್ದಾನೆ, ಅಲ್ಲಿ ಜಗಳ ಇಲ್ಲ ಬಿಡು' ಅಂತ. ಅವ್ವನೂ ಹಾಗೇ ನಂಬಿದ್ದಳು. ಅಷ್ಟರ ಮಟ್ಟಿಗೆ ಆ ಹೆಸರಿನಿಂದ ಒಳ್ಳೆಯದೇ ಆಯಿತು ಅನ್ನಬೇಕೇನೋ.

ವಾಪಸ್ ಬಂದಾಗ ಮದ್ರಾಸ್ ಬಂದರಿನಲ್ಲಿ ಸ್ವಾಗತಕ್ಕೆ ಬರಲ್ಲ ಅಂದರು ಆಗಿನ ಮುಖ್ಯಮಂತ್ರಿ ಕರುಣಾನಿಧಿ. ಅವರಿಗೆ ಅವರ ರಾಜಕೀಯ. ಕಳಿಸುವಾಗ ಒಂದು ಕತೆ, ಬರುವಾಗ ಇನ್ನೊಂದು ಕತೆ. ನಾವು ಎರಡರಲ್ಲೂ ಪಾತ್ರಧಾರಿಗಳು, ಬರೆದವರು ಬೇರೆ.

ಆದರೂ ಮೊದಲು ಹೇಳಿದ್ದನ್ನು ವಾಪಸ್ ತಗೊಳ್ಳಲ್ಲ. ತಣ್ಣನೆಯ ಮಾತನ್ನು ಎದುರಾಳಿಗೆ ಆಡಿದರೆ ಅದು ಕೆಲಸ. ನಮ್ಮ ಜನಕ್ಕೇ ಆಡಿದರೆ ಮುಚ್ಚುಮರೆ.

ತೋಪಿನ ಬಾಯಿ (ವಿಜಯಪುರ)

ಪ್ಯಾನೆಲ್ ಚರ್ಚೆ ಹೊಸದಲ್ಲ ಬಿಡ್ರೀ. ನಮ್ಮ ಮಲಿಕ್-ಎ-ಮೈದಾನ್ ನೋಡಿ. 55 ಟನ್ ತೂಕದ ತೋಪು, ಮುಂದೆ ಬಾಯಿ ತೆರೆದ ಸಿಂಹ, ಹಲ್ಲಿನ ನಡುವೆ ಸಿಕ್ಕಿಬಿದ್ದ ಆನೆ. ಗುಂಡು ಹಾರಿಸಲು ಸಿಂಹದ ಮೂತಿ ಯಾಕೆ ಬೇಕು? ನೋಡುವವರಿಗೆ ಬೇಕು. ಆಗಿನ ಬ್ರೇಕಿಂಗ್ ನ್ಯೂಸ್ ಅದು.

ಮೇಗುತಿ ಮಾಸ್ತರ (ಬಾದಾಮಿ)

ತೋಪಿನವರು ತಮಾಷೆಗೆ ಹೇಳಿದರೂ ಮಾತು ಖರೆ. ನಮ್ಮ ಕಡೆ ಇದಕ್ಕಿಂತ ಹಳೆಯ ಸಾಕ್ಷಿ ಇದೆ.

ಐಹೊಳೆಯ ಗುಡ್ಡದ ಮೇಲೆ ಮೇಗುತಿ ಬಸದಿ. ಅದರ ಗೋಡೆಯ ಮೇಲೆ ಕ್ರಿ.ಶ. 634ರ ಹೊತ್ತಿನ ಶಾಸನ. ಬರೆದವನು ರವಿಕೀರ್ತಿ. ಇಮ್ಮಡಿ ಪುಲಕೇಶಿಯ ದಂಡಯಾತ್ರೆಗಳ ಪಟ್ಟಿ ಅಲ್ಲಿದೆ. ಯುದ್ಧದಲ್ಲಿ ಬಿದ್ದ ಆನೆಗಳನ್ನು ನೋಡಿ ಹರ್ಷನ ಹರ್ಷವೇ ಇಳಿದುಹೋಯಿತಂತೆ. ಪಲ್ಲವರ ದೊರೆ ನಮ್ಮ ಸೈನ್ಯ ಎಬ್ಬಿಸಿದ ಧೂಳಿನಲ್ಲಿ ಮಸುಕಾಗಿ ಕಂಚಿಯ ಕೋಟೆಗೋಡೆಯ ಹಿಂದೆ ಅಡಗಿದನಂತೆ. ಕೊನೆಗೆ ತಾನು ಕಾಳಿದಾಸ, ಭಾರವಿಗೆ ಸಮ ಅಂತಲೂ ಬರೆದುಕೊಂಡಿದ್ದಾನೆ. ಕೀರ್ತಿ ಯಾರಿಗೆ ಬೇಡ ಹೇಳಿ.

ಆ ಸಾಲುಗಳಲ್ಲಿ ಆನೆಗಳ ಲೆಕ್ಕ ಉಂಟು, ಧೂಳಿನ ವರ್ಣನೆ ಉಂಟು. ಸತ್ತ ಕಾಲಾಳಿನ ಹೆಸರು ಒಂದೂ ಇಲ್ಲ. ಇದು ಮೊದಲನೆಯದು.

ಎರಡನೆಯದು ಇನ್ನೂ ಮಜಾ. ಶಾಸನ ಕೆತ್ತಿ ಹತ್ತು ವರ್ಷ ತುಂಬುವ ಮೊದಲೇ, 642ರ ಸುಮಾರಿಗೆ, ಆ 'ಅಡಗಿದ' ಪಲ್ಲವರ ಮಗ ನರಸಿಂಹವರ್ಮ ಪುಲಕೇಶಿಯ ರಾಜಧಾನಿ ಬಾದಾಮಿಗೇ ಬಂದ. ಊರು ಹಿಡಿದ. 'ವಾತಾಪಿಕೊಂಡ', ಅಂದರೆ ವಾತಾಪಿ (ಬಾದಾಮಿ) ಗೆದ್ದವ, ಅಂತ ಬಿರುದು ಹಾಕಿಕೊಂಡ. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನವೂ ಇದೆ, ಅಕ್ಷರ ಸವೆದಿವೆ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದಾಗ ಎರಡನ್ನೂ ತೋರಿಸುತ್ತೇನೆ. 'ಸರ್, ಯಾರದ್ದು ಖರೆ?' ಅಂತ ಕೇಳುತ್ತಾರೆ. ಧೂಳಿನ ಸಾಲು ಬರೆದವನಿಗೆ ಮುಂದೆ ಏನಾಯಿತೋ ಗೊತ್ತಿಲ್ಲ, ಬಾದಾಮಿಯಲ್ಲಿ ಮನೆ ಇದ್ದವರಿಗೆ ಏನಾಗಿರಬೇಕು ಅಂತ ಯೋಚಿಸಿ ಅನ್ನುತ್ತೇನೆ.

ಹಾಗಾದರೆ ಸತ್ತವನು ಎಲ್ಲಿ ಸಿಗುತ್ತಾನೆ? ಊರ ಹೊರಗಿನ ವೀರಗಲ್ಲಿನಲ್ಲಿ. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತ ವೀರ. ಎಷ್ಟೋ ಕಲ್ಲುಗಳು ಸಾಮ್ರಾಜ್ಯದ ಯುದ್ಧದವಲ್ಲ. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರವು. ಅದೂ ಕಟ್ಟಿದ ಕತೆಯೇ, ಒಪ್ಪುತ್ತೇನೆ. ಅಪ್ಸರೆಯರು ಬಂದದ್ದನ್ನು ಯಾರೂ ನೋಡಿಲ್ಲ. ಆದರೆ ಆ ಕಲ್ಲು ನಿಲ್ಲಿಸಿದ್ದು ಅವನನ್ನು ಬಲ್ಲವರು.

ಪುಸ್ತಕದ ಹುಳ (ವಿಜಯಪುರ)

ನಾನು ಕೆಎಎಸ್‌ಗೆ ಓದುತ್ತಿದ್ದೇನೆ, ಹಾಗಾಗಿ ಬೈಸಿಕೊಳ್ಳಲು ರೆಡಿ. ಆದರೂ ಹೇಳುತ್ತೇನೆ. ಇಲ್ಲಿ ಎಲ್ಲರೂ ತಜ್ಞರನ್ನು ಸುಮ್ನೆ ಹಳಿಯುತ್ತಿದ್ದೀರಿ.

ವಿದೇಶಾಂಗ ನೀತಿಗೆ ಅದರದ್ದೇ ಭಾಷೆ ಬೇಕು. 2022ರ ಜೂನ್‌ನಲ್ಲಿ ವಿದೇಶಾಂಗ ಮಂತ್ರಿ ಜೈಶಂಕರ್ ಬ್ರಾಟಿಸ್ಲಾವಾದಲ್ಲಿ ಏನಂದರು? ಯುರೋಪಿನ ಸಮಸ್ಯೆ ಜಗತ್ತಿನ ಸಮಸ್ಯೆ, ಜಗತ್ತಿನ ಸಮಸ್ಯೆ ಯುರೋಪಿನದ್ದಲ್ಲ ಅನ್ನುವ ಮನೋಭಾವದಿಂದ ಯುರೋಪು ಹೊರಬರಬೇಕು ಅಂದರು. ಆಳುವವರು ಕಟ್ಟಿದ ಚೌಕಟ್ಟನ್ನು ಇನ್ನೊಬ್ಬ ಆಳುವವನೇ ಮುರಿದದ್ದು ಅಲ್ವಾ? ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಮರ್‌ಕಂದ್‌ನಲ್ಲಿ ಪ್ರಧಾನಿ ಮೋದಿ ಪುಟಿನ್ ಎದುರೇ 'ಇದು ಯುದ್ಧದ ಕಾಲ ಅಲ್ಲ' ಅಂದರು. ಇಂಥದ್ದನ್ನು ಕಟ್ಟೆಯ ಮೇಲೆ ಕೂತು ಮಾಡಲಾಗುವುದಿಲ್ಲ.

ಇನ್ನೊಂದು. ರಷ್ಯಾದಲ್ಲಿ ಉಕ್ರೇನ್ ಮೇಲಿನ ದಾಳಿಗೆ 'ವಿಶೇಷ ಸೇನಾ ಕಾರ್ಯಾಚರಣೆ' ಅನ್ನುತ್ತಾರೆ. ಸೇನೆಯ ಬಗ್ಗೆ ಸರ್ಕಾರ ಸುಳ್ಳು ಅಂದದ್ದನ್ನು ಹೇಳಿದರೆ 15 ವರ್ಷದವರೆಗೆ ಜೈಲು. ಇಲ್ಲಿ ನಾವು ಈ ಚರ್ಚೆ ಮಾಡುತ್ತಿದ್ದೇವೆ. ಆ ವ್ಯತ್ಯಾಸ ಮರೆಯಬೇಡಿ.

ಉದ್ಯಮಬಾಗ (ಬೆಳಗಾವಿ)

2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ಮಾಲಿನ ಮೇಲೆ ಶೇ. 50 ಸುಂಕ ಹಾಕಿತು. ಅದರಲ್ಲಿ ಅರ್ಧ ರಷ್ಯಾದ ಎಣ್ಣೆ ಕೊಂಡದ್ದಕ್ಕೆ ದಂಡ. ಟ್ರಂಪ್ ಸಲಹೆಗಾರ ಪೀಟರ್ ನವಾರೊ ಉಕ್ರೇನ್ ಯುದ್ಧವನ್ನು 'ಮೋದಿಯ ಯುದ್ಧ' ಅಂದುಬಿಟ್ಟ. ಇಲ್ಲಿನ ಚಾನೆಲ್‌ಗಳು 'ಭಾರತ ಬಗ್ಗಲ್ಲ' ಅಂದವು. ನಮ್ಮ ಫೌಂಡ್ರಿಯಲ್ಲಿ ಓವರ್‌ಟೈಮ್ ನಿಂತದ್ದು ಎರಡೂ ಕಡೆ ಸುದ್ದಿ ಆಗಲಿಲ್ಲ.

ಶೆಡ್ ಮಾಲೀಕ (ತಿಕೋಟಾ)

ಪುಸ್ತಕದ ಹುಳ ತಮ್ಮಾ, ಕಟ್ಟೆಯ ಮೇಲಿನವರಿಗೆ ವಿದೇಶಾಂಗ ನೀತಿ ಗೊತ್ತಿಲ್ಲ ಅನ್ನಬೇಡ. ನನ್ನದು ದ್ರಾಕ್ಷಿ ತೋಟ. ಮಾಲು ಶೆಡ್‌ನಲ್ಲಿ ಒಣಗಿಸಿ, ಆರಿಸಿ, ಡಬ್ಬಿ ತುಂಬಿ ತಾಸಗಾಂವ್, ಸಾಂಗ್ಲಿಗೆ ಒಯ್ಯುತ್ತೇವೆ. ಅಲ್ಲಿ ಸವಾಲಿಗೆ (ಹರಾಜಿಗೆ) ಕೂತಾಗ ಮೊದಲ ಪ್ರಶ್ನೆ ಏನು ಗೊತ್ತಾ? 'ಅಫ್ಘಾನ್ ಮಾಲು ಎಷ್ಟು ಬಂದಿದೆ?' ಅಫ್ಘಾನಿಸ್ತಾನದ ಒಣದ್ರಾಕ್ಷಿಗೆ ಸಾರ್ಕ್ ದೇಶಗಳ ಒಪ್ಪಂದದಲ್ಲಿ ಸುಂಕದ ರಿಯಾಯಿತಿ ಇದೆ. ಚೀನಾದ ಮಾಲೂ ಅಡ್ಡದಾರಿಯಲ್ಲಿ ನುಗ್ಗುತ್ತದೆ ಅನ್ನುವುದು ನಮ್ಮ ಕಡೆಯ ಬೆಳೆಗಾರರ ದೂರು.

2021ರ ಆಗಸ್ಟ್‌ನಲ್ಲಿ ಕಾಬೂಲ್ ಬಿದ್ದಾಗ ಟಿವಿಯಲ್ಲಿ ತಾಲಿಬಾನ್ ಅಂದರೆ ರಾಕ್ಷಸರು. 2025ರ ಅಕ್ಟೋಬರ್‌ನಲ್ಲಿ ಅವರದ್ದೇ ವಿದೇಶಾಂಗ ಮಂತ್ರಿ ಮುತ್ತಕಿ ದೆಹಲಿಗೆ ಬಂದ. ಕಾಬೂಲಿನ ನಮ್ಮ ಕಚೇರಿಯನ್ನು ಮತ್ತೆ ರಾಯಭಾರ ಕಚೇರಿ ಮಾಡುತ್ತೇವೆ ಅಂದರು. ಆಗ ಅದೇ ಚಾನೆಲ್‌ಗಳಿಗೆ ಅದು ಮಾಸ್ಟರ್ ಸ್ಟ್ರೋಕ್. ಮೊದಲ ಪತ್ರಿಕಾಗೋಷ್ಠಿಗೆ ಹೆಣ್ಣುಮಕ್ಕಳ ಪತ್ರಕರ್ತರನ್ನು ಬಿಡಲಿಲ್ಲ ಅಂತ ಗಲಾಟೆ ಆಯಿತು. ಎರಡು ದಿನಕ್ಕೆ ಇನ್ನೊಂದು ಗೋಷ್ಠಿ ಮಾಡಿ ಕರೆದರು.

ನಾನು ತಾಲಿಬಾನ್ ಜೊತೆ ಮಾತಾಡಬೇಡಿ ಅನ್ನಲ್ಲ. ಪಾಕಿಸ್ತಾನಕ್ಕೆ ಆಚೆ ಮಗ್ಗುಲಲ್ಲಿ ಒಬ್ಬ ಸ್ನೇಹಿತ ಬೇಕು ಅನ್ನುವುದು ತಲೆಗೆ ಹತ್ತುತ್ತದೆ. ಆದರೆ ಆ ಸ್ನೇಹಕ್ಕೆ ಏನು ಬಿಟ್ಟುಕೊಡುತ್ತೀರಿ, ಯಾರದ್ದನ್ನು ಬಿಟ್ಟುಕೊಡುತ್ತೀರಿ ಅಂತ ಹೇಳಿ. 'ಕಾರ್ಯತಂತ್ರದ ಹಿತಾಸಕ್ತಿ' ಅಂದರೆ ನನಗೆ ತಾಸಗಾಂವ್ ಪೇಟೆಯ ದರ ಕಾಣುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಸೂರ್ಯಕಾಂತಿ ಎಣ್ಣೆ ದರ ಏರಿದ್ದು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಯಾವ ತಜ್ಞನಿಗಿಂತ ಮೊದಲು ಗೊತ್ತಾಗಿತ್ತು.

ಎಲ್ಲಮ್ಮನ ಗುಡ್ಡ (ಸವದತ್ತಿ)

ನಮ್ಮ ಯಜಮಾನರು ಸೈನ್ಯದಲ್ಲಿದ್ದಾರೆ, ಎಲ್ಲಿ ಅಂತ ಬರೆಯಲ್ಲ. ಆ ಮೇ ತಿಂಗಳ ನಾಲ್ಕು ರಾತ್ರಿ ನಮ್ಮ ಮನೆಯಲ್ಲಿ ಟಿವಿ ಹಚ್ಚಿ ಸೌಂಡ್ ಬಂದ್ ಮಾಡಿದ್ದೆವು. ಅತ್ತೆಗೆ ಆ ಸೈರನ್ ಕೇಳಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಕೆಳಗೆ ಓಡುವ ಪಟ್ಟಿಯಲ್ಲಿ ನಾನು ಹುಡುಕುತ್ತಿದ್ದದ್ದು ಊರ ಹೆಸರುಗಳನ್ನು ಮಾತ್ರ. ವಾಟ್ಸ್‌ಆ್ಯಪ್‌ನಲ್ಲಿ 'ಕೊನೆಯ ಬಾರಿ ನೋಡಿದ್ದು' ಅನ್ನುವ ಸಮಯವನ್ನು ಎಷ್ಟು ಸಲ ತೆಗೆದು ನೋಡಿದೆನೋ.

ನಿಲ್ಲಿಸಿದರು ಅಂತ ಗೊತ್ತಾದಾಗ ಅತ್ತೆ ದೇವರಿಗೆ ದೀಪ ಹಚ್ಚಿದರು. ಮರುದಿನ ಓಣಿಯಲ್ಲಿ ಒಬ್ಬರು ನನ್ನ ಮುಂದೆಯೇ 'ಇನ್ನೂ ನಾಲ್ಕು ದಿನ ನಡೆಯಬೇಕಿತ್ತು, ಪೂರ್ತಿ ಮುಗಿಸಬೇಕಿತ್ತು' ಅಂದರು. ನಮ್ಮವರು ಎಂದೂ ಹಾಗೆ ಮಾತಾಡಿದ್ದು ಕೇಳಿಲ್ಲ. ಫೋನ್ ಸಿಕ್ಕಾಗ ಮೊದಲು ಕೇಳಿದ್ದು ಮಗಳ ಶಾಲೆಯ ಫೀ ಕಟ್ಟಿದೆಯಾ ಅಂತ.

ಭೀಮೆ (ಸಿಂದಗಿ)

ಅಕ್ಕಾರ, ನಿಮ್ಮ ಮಾತು ಓದಿ ಸುಮ್ಮನೆ ಕೂತೆ. ನಮ್ಮ ಗಡಿ ಭಾಗದ ಒಂದು ವಿಷಯ ಹೇಳುತ್ತೇನೆ.

ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಭೀಮಾ ಆಚೆ ನಿಜಾಮನ ರಾಜ್ಯ. ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿಗೆ ಹೆದರಿ ಆ ಕಡೆಯವರು ಈ ಕಡೆ ಬಂದು ನೆಂಟರ ಮನೆಯಲ್ಲಿ ಇದ್ದದ್ದನ್ನು ನಮ್ಮ ಹಿರಿಯರು ಹೇಳುತ್ತಿದ್ದರು. 1948ರ ಸೆಪ್ಟೆಂಬರ್ 13ಕ್ಕೆ ಸೈನ್ಯ ಒಳಗೆ ಹೋಯಿತು, 17ಕ್ಕೆ ನಿಜಾಮ ಶರಣಾದ. ಟ್ಯಾಂಕು, ವಿಮಾನ ಎಲ್ಲ ಇದ್ದವು. ಇವತ್ತಿಗೂ ಜನ 'ಪೊಲೀಸ್ ಆಕ್ಷನ್' ಅಂತಲೇ ಅನ್ನುತ್ತಾರೆ. ಪೊಲೀಸರದ್ದು ಅಂತ ಯಾಕೆ ಕರೆದರು? ಹೈದರಾಬಾದ್ ಆಗಲೇ ವಿಶ್ವಸಂಸ್ಥೆಗೆ ದೂರು ಒಯ್ದಿತ್ತು. ಯುದ್ಧ ಅಂದರೆ ಎರಡು ದೇಶದ ಜಗಳ ಅಂತ ಒಪ್ಪಿದಂತೆ. ಪೊಲೀಸ್ ಕಾರ್ಯಾಚರಣೆ ಅಂದರೆ ಮನೆಯ ಒಳಗಿನ ವಿಷಯ. ದೆಹಲಿಯ ಲೆಕ್ಕ ಸರಿ ಇತ್ತು.

ಆದರೆ ಆಮೇಲೆ ಹಳ್ಳಿಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹತ್ಯೆಗಳಿಗೆ ಆ ಹೆಸರಿನಲ್ಲಿ ಜಾಗ ಇರಲಿಲ್ಲ. ನೆಹರೂ ಅವರೇ ಸುಂದರಲಾಲ್ ನೇತೃತ್ವದಲ್ಲಿ ತಂಡ ಕಳಿಸಿದರು. 27,000ದಿಂದ 40,000 ಜನ ಸತ್ತಿರಬಹುದು ಅಂತ ಅದು ಅಂದಾಜು ಮಾಡಿತು. ಆ ವರದಿಯನ್ನು ದಶಕಗಳ ಕಾಲ ಜನರಿಗೆ ತೋರಿಸಲಿಲ್ಲ. ರಜಾಕಾರರ ಕ್ರೌರ್ಯ ಸುಳ್ಳಲ್ಲ, ಇದೂ ಸುಳ್ಳಲ್ಲ. ನಮ್ಮ ಕಡೆ ಮೊದಲನೆಯದನ್ನು ಮಾತ್ರ ಜೋರಾಗಿ ಹೇಳುತ್ತಾರೆ.

ಚೋರ್ಲಾ ಘಾಟ್ (ಖಾನಾಪುರ)

1961ರ ಗೋವಾ ಮರೀಬ್ಯಾಡ್ರಿ. ಡಿಸೆಂಬರ್‌ನಲ್ಲಿ ಮೇಜರ್ ಜನರಲ್ ಕ್ಯಾಂಡೆತ್ ಅವರ 17ನೇ ಡಿವಿಜನ್ ಜಮಾಯಿಸಿದ್ದು ಬೆಳಗಾವಿಯಲ್ಲೇ. ನಮಗೆ ಅದು ವಿಮೋಚನೆ, ಪೋರ್ಚುಗಲ್‌ಗೆ ಆಕ್ರಮಣ. ವಿಶ್ವಸಂಸ್ಥೆಯಲ್ಲಿ ಅಮೆರಿಕದ ಸ್ಟೀವನ್‌ಸನ್ ನಮ್ಮನ್ನು ಬೈದರು, ಸೋವಿಯತ್ ಒಕ್ಕೂಟ ವೀಟೊ ಹಾಕಿ ಉಳಿಸಿತು. ಲಿಸ್ಬನ್‌ನಲ್ಲಿ ಕೂತ ಸಲಾಜಾರ್ ಕೊನೆಯ ಮನುಷ್ಯನವರೆಗೆ ಹೋರಾಡಿ ಸಾಯಿರಿ ಅಂತ ಆಜ್ಞೆ ಕಳಿಸಿದ. ಗೋವಾದಲ್ಲಿದ್ದ ಗವರ್ನರ್ ವಸ್ಸಾಲೊ ಇ ಸಿಲ್ವಾ ಕೇಳಲಿಲ್ಲ, ಶರಣಾಗಿ ಜನರನ್ನು ಉಳಿಸಿದ. ಅವನನ್ನು ಅವರ ಸೈನ್ಯದಿಂದಲೇ ಹೊರಹಾಕಿದರು. ನನಗೆ ಈ ಇಡೀ ಕತೆಯಲ್ಲಿ ಇಷ್ಟವಾಗುವವನು ಅವನೇ, ಶತ್ರು ಆದರೂ.

ಪುಸ್ತಕದ ಹುಳ

ಸವದತ್ತಿ ಅಕ್ಕಾ ಬರೆದದ್ದರಲ್ಲಿ ಒಂದು ಸಾಲು ಎಲ್ಲರೂ ದಾಟಿ ಹೋದಿರಿ. 'ಪೂರ್ತಿ ಮುಗಿಸಬೇಕಿತ್ತು' ಅಂದವರು ಯಾವ ತಜ್ಞರು? ಓಣಿಯವರು. ಮಿಸ್ರಿಯವರನ್ನು ಬೈದವರು ಯಾರು? ನಮ್ಮ ನಿಮ್ಮಂಥವರು. ಆಳುವವರು ಜನರನ್ನು ಕೆರಳಿಸುತ್ತಾರೆ ಸರಿ, ಕೆರಳಿದ ಜನ ಆಳುವವರನ್ನು ಕಟ್ಟಿಹಾಕುವುದೂ ಇದೆ. ಬಾಗಿಲು ಮುಚ್ಚಿ ಮಾತಾಡುವ ರಾಯಭಾರಿಗಳು ಇಲ್ಲದಿದ್ದರೆ ಆ ನಾಲ್ಕು ದಿನ ನಲವತ್ತು ಆಗುತ್ತಿತ್ತು. ತಜ್ಞರು ಬೇಡ ಅನ್ನುವುದಕ್ಕಿಂತ, ಯಾವಾಗ, ಯಾರಿಗೆ ಉತ್ತರ ಕೊಡುತ್ತಾರೆ ಅಂತ ಕೇಳಿ.

ಘಟಪ್ರಭಾ ದಂಡೆ

ಒಳ್ಳೆಯ ಪ್ರಶ್ನೆ. ಅದನ್ನೇ ಹಿಡಿದುಕೊಳ್ಳೋಣ.

1962ರಲ್ಲಿ ಚೀನಾ ಯುದ್ಧ ಇನ್ನೂ ನಡೆಯುತ್ತಿತ್ತು. ಯುವ ಸಂಸದ ವಾಜಪೇಯಿ ಸಂಸತ್ತು ಕರೆಯಿರಿ ಅಂದರು, ನೆಹರೂ ಕರೆದರು. ನವೆಂಬರ್ 8ರಿಂದ ಚರ್ಚೆ. 165 ಸದಸ್ಯರು ಮಾತಾಡಿದರು. ನೆಹರೂ ಅವರನ್ನು ಎದುರಿಗೇ ಬೈದರು. ಸೋಲುತ್ತಿದ್ದ ಯುದ್ಧ ಅದು, ಆದರೂ ಕೇಳುವ ಜಾಗ ಇತ್ತು. ಹಾಗಂತ ನೆಹರೂ ಸರ್ಕಾರವನ್ನು ಹೊಗಳಿ ಅಟ್ಟಕ್ಕೇರಿಸಬೇಕಿಲ್ಲ. ಆ ಸೋಲಿನ ಬಗ್ಗೆ ಹೆಂಡರ್‌ಸನ್ ಬ್ರೂಕ್ಸ್ ಕೊಟ್ಟ ವರದಿಯನ್ನು ಯಾವ ಪಕ್ಷದ ಸರ್ಕಾರವೂ ಪ್ರಕಟಿಸಲಿಲ್ಲ.

ಕಾರ್ಗಿಲ್ ಮುಗಿದ ಕೂಡಲೇ ಜೈಶಂಕರ್ ಅವರ ತಂದೆ ಕೆ. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಸಮಿತಿ ಮಾಡಿದರು. 2000ರ ಫೆಬ್ರವರಿಯಲ್ಲಿ ವರದಿ ಸಂಸತ್ತಿಗೆ ಬಂತು. ಕೆಲವು ಭಾಗ ತೆಗೆದಿದ್ದರು, ಆದರೂ ಬಂತು. 2025ರಲ್ಲಿ ವಿಶೇಷ ಅಧಿವೇಶನ ಕರೆಯಿರಿ ಅಂತ ವಿರೋಧ ಪಕ್ಷಗಳು ಕೇಳಿದವು, ಕರೆಯಲಿಲ್ಲ. ಲೋಕಸಭೆಯಲ್ಲಿ ಚರ್ಚೆ ಆದದ್ದು ಜುಲೈ ಕೊನೆಗೆ. ನಮ್ಮ ಯುದ್ಧವಿಮಾನಗಳು ಬಿದ್ದದ್ದು ಹೌದು ಅಂತ ಮೂರೂ ಸೇನೆಗಳ ರಕ್ಷಣಾ ಮುಖ್ಯಸ್ಥರಾಗಿದ್ದ (ಸಿಡಿಎಸ್) ಅನಿಲ್ ಚೌಹಾಣ್ ಮೊದಲು ಒಪ್ಪಿದ್ದು ಮೇ 31ರಂದು, ಸಿಂಗಪುರದಲ್ಲಿ, ವಿದೇಶಿ ಸುದ್ದಿಸಂಸ್ಥೆಯ ಮುಂದೆ. ಕದನ ನಿಂತ ಸುದ್ದಿ ವಾಷಿಂಗ್ಟನ್‌ನಿಂದ, ವಿಮಾನದ ಸುದ್ದಿ ಸಿಂಗಪುರದಿಂದ. ಸವದತ್ತಿಯ ಅತ್ತೆಗೆ ಇವರಲ್ಲಿ ಯಾರೂ ನೇರ ಮಾತಾಡಲಿಲ್ಲ.

ಕ್ಯಾಂಪ್ ಕಾಕಾ

ಯುದ್ಧ ನಡೆಯುವಾಗ ವಿಮಾನದ ಲೆಕ್ಕ ಕೊಡಬಾರದು. ಅದು ಎದುರಿನವನಿಗೆ ಉಡುಗೊರೆ. ಮುಗಿದ ಮೇಲೆ ಮುಚ್ಚಿಡುವುದು ಬೇರೆ. ಅಷ್ಟರಲ್ಲಿ ನಿಮ್ಮ ಜೊತೆಗಿದ್ದೇನೆ.

ಇನ್ನೊಂದು ಮಾತು ಹೇಳಲೇಬೇಕು. ನಮ್ಮ ಬೆಳಗಾವಿಯ ಮರಾಠಾ ಲೈಟ್ ಇನ್ಫೆಂಟ್ರಿ ಸೆಂಟರ್‌ನ ಹುಡುಗರು ಎರಡನೇ ಮಹಾಯುದ್ಧದಲ್ಲಿ ಇಟಲಿಯಲ್ಲಿ ಹೋರಾಡಿ ಎರಡು ವಿಕ್ಟೋರಿಯಾ ಕ್ರಾಸ್ ತಂದರು. 1939ರಲ್ಲಿ ಭಾರತ ಯುದ್ಧಕ್ಕಿಳಿದಿದೆ ಅಂತ ವೈಸರಾಯ್ ಲಿನ್‌ಲಿತ್‌ಗೋ ಒಬ್ಬನೇ ಸಾರಿದ. ಒಬ್ಬ ಭಾರತೀಯನನ್ನೂ ಕೇಳಲಿಲ್ಲ. 25 ಲಕ್ಷ ಸ್ವಯಂಸೇವಕರು ಅಂತ ಇವತ್ತಿಗೂ ಹೆಮ್ಮೆಯಿಂದ ಬರೆಯುತ್ತಾರೆ. ಬರಗಾಲದ ಊರಿನ ಹುಡುಗ ಸಂಬಳಕ್ಕೆ ಸೇರಿದರೆ ಅವನು ಎಷ್ಟರ ಮಟ್ಟಿಗೆ ಸ್ವಯಂಸೇವಕ? ಆದರೂ ಒಮ್ಮೆ ಸೇರಿದ ಮೇಲೆ ಅವನು ಹೋರಾಡಿದ್ದು ಪಕ್ಕದವನಿಗಾಗಿ. ಇದು ಟಿವಿಯವರಿಗೂ ತಿಳಿಯಲ್ಲ, ತಂಗಿ, ನಿಮ್ಮಂಥ ವಿಮರ್ಶಕರಿಗೂ ಪೂರ್ತಿ ತಿಳಿಯಲ್ಲ.

ಶೆಡ್ ಮಾಲೀಕ

ಮಾತು ಬಹಳ ಆಯಿತು, ಒಂದು ಕೆಲಸ ಮಾಡೋಣ. ಪುಸ್ತಕದ ಹುಳ, ಸಂಸತ್ತಿನಲ್ಲಿ ಲಿಖಿತ ಉತ್ತರ ಬರುವ ಪ್ರಶ್ನೆ ಇರುತ್ತದಲ್ವಾ? 'ಕಾಬೂಲ್ ಜೊತೆ ಮಾತುಕತೆ ಆದಾಗ ಒಣದ್ರಾಕ್ಷಿ ಸುಂಕದ ವಿಷಯ ಬಂತೇ? ಬೆಳೆಗಾರರನ್ನು ಯಾರಾದರೂ ಕೇಳಿದರೇ?' ಇಷ್ಟನ್ನು ನಮ್ಮ ಸಂಸದರ ಕೈಯಲ್ಲಿ ಕೇಳಿಸಬಹುದಾ?

ಪುಸ್ತಕದ ಹುಳ

ಕೇಳಿಸಬಹುದು ಅಣ್ಣಾರ. ಚುಕ್ಕೆ ಗುರುತಿಲ್ಲದ ಪ್ರಶ್ನೆ ಅನ್ನುತ್ತಾರೆ. ಸಂಸದರು ಮುಂಚೆಯೇ ನೋಟಿಸ್ ಕೊಡಬೇಕು. ಸುಂಕ ಒಂದು ಇಲಾಖೆ, ಕಾಬೂಲ್ ಇನ್ನೊಂದು ಇಲಾಖೆ. ಹಾಗಾಗಿ ಎರಡು ಪ್ರಶ್ನೆ ಮಾಡಬೇಕಾಗುತ್ತದೆ. ಕರಡು ನಾನು ಬರೆಯುತ್ತೇನೆ.

ಶೆಡ್ ಮಾಲೀಕ

ಬರೆ. ಹೋದ ಹಂಗಾಮಿನ ಸವಾಲಿನ ಚೀಟಿಗಳು ನನ್ನ ಹತ್ತಿರ ಇವೆ, ತರುತ್ತೇನೆ. 'ಕಾರ್ಯತಂತ್ರ' ಅಂತ ಒಂದು ಕಡೆ ಕಂಡರೂ ಹರಿದು ಹಾಕುತ್ತೇನೆ ನೋಡು.